ಅವರ ಸಣ್ಣ ಚಟ

ನಮ್ಮ ಮನೆಯಲ್ಲಿ ನನ್ನನ್ನು ಕತ್ತರಿ ಅನ್ನುತ್ತಾರೆ. ಎದುರಿಗೆ ಅನ್ನುವುದಿಲ್ಲ, ಅಷ್ಟು ಧೈರ್ಯ ಯಾರಿಗೂ ಇಲ್ಲ. ಹೆಸರಿಟ್ಟವರು ನಮ್ಮತ್ತೆ. ನಾನು ಕೆಲಸ ಮಾಡುವುದು ಸಿದ್ಧ ಉಡುಪಿನ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ. ಒಂದರ ಮೇಲೊಂದು ಹಾಸಿದ ಅರವತ್ತು ಪದರ ಬಟ್ಟೆಯನ್ನು ಸೀಮೆಸುಣ್ಣದ ಗೆರೆ ಹಿಡಿದು ಮಿಷನ್ನಿನಲ್ಲಿ ಕತ್ತರಿಸುತ್ತೇನೆ. ಆದರೆ ಹೆಸರು ಬಂದದ್ದು ಅದರಿಂದಲ್ಲ. ಅತ್ತೆಯ ನಶ್ಯದ ಡಬ್ಬಿಯನ್ನು ತಿಂಗಳಿಗೆ ಎರಡರಿಂದ ಒಂದಕ್ಕೆ ಇಳಿಸಿದ್ದರಿಂದ.

ಇಳಿಸದೆ ಏನು ಮಾಡಲಿ? ನಮ್ಮ ಯಜಮಾನರು ಬೋರ್ಡು ಬರೆಯುವವರು, ಇಡೀ ಬೀದಿಗೆ ಬೋರ್ಡಣ್ಣ. ಏಣಿ ಹತ್ತಿ ಕುಂಚ ಹಿಡಿದು ಅಂಗಡಿಗಳ ಹೆಸರು ಬರೆಯುವ ಕಾಲ ಹೋಗಿ, ಗಂಟೆಯೊಳಗೆ ಬ್ಯಾನರು ಉಗುಳುವ ಮಿಷನ್ನು ಬಂತು. ತಾನೂ ಒಂದು ಮಿಷನ್ನು ಕೊಂಡರಾಯಿತು ಎಂದು ಇವರು ಸೊಸೈಟಿಯಲ್ಲಿ ಸಾಲ ಎತ್ತಿದರು. ಬಂದದ್ದು ಸೆಕೆಂಡ್ ಹ್ಯಾಂಡ್ ಮಿಷನ್ನು. ಅದು ಕೆಂಪು ಬಣ್ಣ ಒಂದನ್ನು ಮಾತ್ರ ನೆಟ್ಟಗೆ ಹೊಡೆಯುತ್ತಿತ್ತು. ಊರಿನವರೆಲ್ಲ ಬರೀ 'ಅಪಾಯ' ಎಂದು ಬ್ಯಾನರು ಮಾಡಿಸಿದ್ದರೆ ನಾವು ಉದ್ಧಾರ ಆಗಿರುತ್ತಿದ್ದೆವು. ಒಂದೂವರೆ ವರ್ಷಕ್ಕೆ ಗುಜರಿಯವನು ಬಂದು ಅದನ್ನು ತೂಕಕ್ಕೆ ಹಾಕಿಕೊಂಡು ಹೋದ. ಮಿಷನ್ನು ಹೋಯಿತು, ಕಂತು ಉಳಿಯಿತು.

ಅವರು ಇನ್ನೊಬ್ಬರ ಪೇಂಟಿಂಗ್ ಅಂಗಡಿಯಲ್ಲಿ ವಾರದ ಕೂಲಿಗೆ ಸೇರಿದರು. ಮೊದಲ ಕೂಲಿ ತಂದು ನನ್ನ ಮುಂದಿಟ್ಟು, "ಇನ್ಮೇಲೆ ಎಲ್ಲಾ ನೀನೇ ನೋಡ್ಕೋ. ನನ್ನ ಕೈಯಲ್ಲಿ ದುಡ್ಡು ನಿಲ್ಲಲ್ಲ" ಅಂದರು. ಅವರ ಮುಖ ನೋಡಿ, ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಮಾರನೆಯ ದಿನ ತೆರೆದೆ ಅನ್ನಿ.

ಮೊದಲು ಪೇಪರು ನಿಂತಿತು, ಆಮೇಲೆ ಟಿವಿಯ ಕೇಬಲ್ಲು. ಹಾಲು ಒಂದು ಲೀಟರಿನಿಂದ ಅರ್ಧಕ್ಕೆ ಇಳಿದು, ನೀರು ಸೇರಿ ಮತ್ತೆ ಒಂದಾಯಿತು. ಮಗಳ ಯೂನಿಫಾರಂ ಲಂಗದ ಅಂಚನ್ನು ಎರಡು ಸಲ ಬಿಚ್ಚಿ ಉದ್ದ ಮಾಡಿದೆ. ಹನಿ ಹನಿ ಕೂಡಿದರೆ ಹಳ್ಳ ಎಂದು ನಾನು ಹೇಳಿದಾಗೆಲ್ಲ ಅತ್ತೆ ಖಾಲಿ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, "ಹಳ್ಳ ತುಂಬೋ ಹೊತ್ತಿಗೆ ನೋಡೋಕೆ ನಾನಿರಬೇಕಲ್ಲ" ಅನ್ನುತ್ತಿದ್ದರು. ಬಸ್ಸು ಬಿಟ್ಟೆವು. ನಾನು, ಅವರು, ಇಬ್ಬರೂ ಕೆಲಸಕ್ಕೆ ನಡೆದೇ ಹೋಗುವುದೆಂದಾಯಿತು.

ಇಷ್ಟಕ್ಕೂ ಕಂತು ತುಂಬಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾವು ಹಾಸಿಗೆಯನ್ನೇ ಬಾಡಿಗೆಗೆ ಕೊಟ್ಟೆವು. ಮನೆಗೆ ಇದ್ದದ್ದು ಒಂದೇ ಮಲಗುವ ಕೋಣೆ, ಮಂಚದ ಸಮೇತ ಕೊಟ್ಟರೆ ಬಾಡಿಗೆ ಜಾಸ್ತಿ. ಬಂದವರು ಹೊಸದಾಗಿ ಮದುವೆಯಾದ ಜೋಡಿ. ಆ ಹುಡುಗಿ ಒಳ್ಳೆಯವಳೇ, ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತುತ್ತಿದ್ದಳು. ಗಂಡ ಕೆಲಸದಿಂದ ಬಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಮೇಲೆ ಒಳಗೆ ನಗು. ಅಷ್ಟೊಂದು ನಗುವಂಥದ್ದು ಏನಿರುತ್ತದೆ ಮನುಷ್ಯರಿಗೆ? ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚಿಟ್ಟು ಏನು ಪ್ರಯೋಜನ.

ನಾವು ನಾಲ್ವರೂ ನಡುಮನೆಯಲ್ಲಿ ಮಲಗುತ್ತಿದ್ದೆವು. ಗೋಡೆಯ ಕಡೆ ನಾನು, ಪಕ್ಕದಲ್ಲಿ ಮಗಳು, ಅವಳ ಪಕ್ಕ ಅತ್ತೆ, ಆಚೆಗೆ ಬಾಗಿಲ ಬಳಿ ಅವರು. ಅತ್ತೆ ಮಗ್ಗುಲು ಬದಲಿಸಿದರೆ ನಾಲ್ವರಿಗೂ ಎಚ್ಚರ. ಹದಿನಾಲ್ಕು ವರ್ಷ ಜೊತೆಗೆ ಬಾಳಿದ ಗಂಡನ ಹತ್ತಿರ ಒಂದು ಮಾತು ಹೇಳಬೇಕೆಂದರೆ ಎರಡು ತಲೆ ದಾಟಬೇಕಿತ್ತು. ಹೇಳುವ ಮಾತು ದೊಡ್ಡದೇನೂ ಅಲ್ಲ. ಈವತ್ತು ಕೈ ನೋಯುತ್ತಿದೆ ಎಂದೋ, ಸೂಪರ್‌ವೈಸರ್ ಹೊಸ ಹಲ್ಲು ಕಟ್ಟಿಸಿಕೊಂಡು ಬಂದಿದ್ದಾನೆ ಎಂದೋ. ಅಂಥ ಮಾತನ್ನು ನಾಲ್ಕು ಜನರ ಎದುರಿಗೆ ಹೇಳಿದರೆ ಅದು ಬರೀ ಸುದ್ದಿಯಾಗುತ್ತದೆ, ಅಷ್ಟೇ.

ಬೆಳಿಗ್ಗೆ ನಾನು ಅವರಿಗಿಂತ ಒಂದು ಗಂಟೆ ಮುಂಚೆ ಹೊರಡುತ್ತಿದ್ದೆ. ಇದ್ದದ್ದು ಸಂಜೆಯ ದಾರಿ ಒಂದೇ. ಅವರ ಅಂಗಡಿ ನಮ್ಮ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿತ್ತು. ನನಗೆ ಐದೂವರೆಗೆ ಬಿಡುತ್ತಿತ್ತು, ಅವರು ಗೇಟಿನ ಬಳಿ ನಿಂತಿರುತ್ತಿದ್ದರು. ಅಲ್ಲಿಂದ ಮನೆಗೆ ಐವತ್ತು ನಿಮಿಷ. ಸಾಲದ ಮಾತನ್ನು ಮಗಳ ಕಿವಿಗೆ ಹಾಕಬಾರದು ಎಂದು ನಾನೇ ಕಾಯಿದೆ ಮಾಡಿದ್ದೆ. ಹಾಗಾಗಿ ಲೆಕ್ಕಾಚಾರವೆಲ್ಲ ಆ ದಾರಿಯಲ್ಲೇ. ಮೊದಲ ತಿಂಗಳು ಬರೀ ಅಕ್ಕಿ, ಗ್ಯಾಸು, ಬಡ್ಡಿ. ಲೆಕ್ಕ ಎಷ್ಟು ಹೊತ್ತು ಹೇಳಲಾದೀತು? ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಉಳಿದ ನಲವತ್ತು ನಿಮಿಷ ನಮ್ಮದಾಯಿತು.

ದಾರಿಯುದ್ದಕ್ಕೂ ಅವರು ಬರೆದ ಹಳೆಯ ಬೋರ್ಡುಗಳಿದ್ದವು. ಔಷಧಿ ಅಂಗಡಿಯ ಮುಂದೆ ಒಮ್ಮೆ ನಿಂತು ತಲೆ ಎತ್ತಿ, "ಇದು ನಮ್ಮ ಮದುವೆ ಗೊತ್ತಾದ ವಾರ ಬರೆದದ್ದು. ನೆರಳು ಎಡಕ್ಕೆ ಬೀಳಬೇಕಿತ್ತು, ಬಲಕ್ಕೆ ಎಳೆದುಬಿಟ್ಟಿದ್ದೀನಿ ನೋಡು. ತಲೆ ಎಲ್ಲೋ ಇತ್ತು" ಅಂದರು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಹೇಳದ ಮಾತು. ನಾನು, "ಕೂಲಿ ಮುರ್ಕೊಂಡ್ರಾ?" ಎಂದು ಕೇಳಿದೆ. ಅವರು ನಕ್ಕರು. ದೊಡ್ಡ ರಸ್ತೆ ದಾಟುವಾಗ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು, ಆಚೆ ಬದಿ ಮುಟ್ಟಿದ ಮೇಲೆ ಬಿಡುತ್ತಿದ್ದರು. ಆ ರಸ್ತೆ ಇನ್ನೂ ನಾಲ್ಕು ಮಾರು ಅಗಲವಿರಬಾರದೇ ಅನ್ನಿಸುತ್ತಿತ್ತು. ಬೆಳಿಗ್ಗೆ ಮಿಷನ್ನಿನ ಮುಂದೆ ನಿಂತಾಗಿನಿಂದ ನಾನು ಕಾಯುತ್ತಿದ್ದದ್ದು ಅದನ್ನೇ.

ಹೀಗೆ ಒಂದೂವರೆ ವರ್ಷ ಕಳೆಯಿತು. ಆಮೇಲೆ ಅವರ ಕೂಲಿಯಲ್ಲಿ ಸೋರಿಕೆ ಶುರುವಾಯಿತು. ಪ್ರತಿ ವಾರ ಒಂದಷ್ಟು ಕಡಿಮೆ, ಅದೂ ವಾರ ವಾರವೂ ಅಷ್ಟೇ ಮೊತ್ತ. ಕೇಳಿದರೆ ಒಂದು ವಾರ ಟೀ, ಇನ್ನೊಂದು ವಾರ ಚಪ್ಪಲಿ ಹೊಲಿಸಿದ್ದು. ಮೂರು ತಿಂಗಳು ಕಂಡೂ ಕಾಣದಂತಿದ್ದೆ. ಪೇಂಟಿಂಗ್ ಅಂಗಡಿಗಳ ಹಿಂದೆ ಇಸ್ಪೀಟು ಆಡುತ್ತಾರೆಂದು ನಮ್ಮ ಕಾರ್ಖಾನೆಯ ಹೆಂಗಸರು ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ಒಂದು ಶನಿವಾರ ದಾರಿಯಲ್ಲಿ ಕೂಲಿ ಎಣಿಸಿದವಳೇ ನಿಂತುಬಿಟ್ಟೆ.

"ಎಲ್ಲಿಗೆ ಹೋಗ್ತಿದೆ ಈ ದುಡ್ಡು?"

ಅವರು ಸುಮ್ಮನೆ ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಹಿಂದೆ ಬಂದರು. "ಏನೋ ಒಂದು ಸಣ್ಣ ಚಟ ಅನ್ಕೋ."

"ಚಟ ಮಾಡೋಕೆ ನಾವೇನು ಸಾಹುಕಾರರಾ? ಶಾಲೆಯಿಂದ ಪ್ರವಾಸ ಹೊರಟಿದ್ದಾರೆ. ನಿಮ್ಮ ಮಗಳು ದುಡ್ಡು ಕೇಳಲೇ ಇಲ್ಲ, ಗೊತ್ತಾ? ನನಗೆ ಬಸ್ಸಲ್ಲಿ ವಾಂತಿ ಬರುತ್ತೆ, ಹೋಗಲ್ಲ ಅಂತ ಟೀಚರ್‌ಗೆ ಹೇಳಿ ಬಂದಿದ್ದಾಳೆ. ಹನ್ನೆರಡು ವರ್ಷದ ಮಗುವಿಗೆ ಇರೋ ಬುದ್ಧಿ ನಿಮಗಿಲ್ಲ."

ಔಷಧಿ ಅಂಗಡಿ ದಾಟಿದ ಮೇಲೆ, "ಆಯ್ತು. ಸೋಮವಾರದಿಂದ ಬಿಟ್ಟೆ" ಅಂದರು.

ಗೆದ್ದೆ ಅಂದುಕೊಂಡೆ. ಗಂಡಸರ ಜುಟ್ಟು ಕೈಯಲ್ಲಿದ್ದರೆ ಮನೆ ನಿಲ್ಲುತ್ತದೆ ಎಂದು ಒಳಗೊಳಗೇ ಬೀಗಿದೆ.

ಸೋಮವಾರ ಸಂಜೆ ಗೇಟಿನ ಬಳಿ ಅವರಿರಲಿಲ್ಲ. ಕಾಲು ಗಂಟೆ ಕಾದು, ಕೆಲಸ ಹೆಚ್ಚಿರಬೇಕೆಂದು ಒಬ್ಬಳೇ ನಡೆದೆ. ಮನೆಗೆ ಬಂದರೆ ಅವರು ಆಗಲೇ ಕೈಕಾಲು ತೊಳೆದು ಮಗಳಿಗೆ ಲೆಕ್ಕ ಹೇಳಿಕೊಡುತ್ತಾ ಕೂತಿದ್ದಾರೆ.

"ಬೇಗ ಬಂದ್ರಾ?" ಎಂದೆ.

"ಹೂಂ. ಬೇಗ ಮುಗೀತು."

ಮಂಗಳವಾರವೂ ಹಾಗೆಯೇ. ಬುಧವಾರವೂ. ಬೈದದ್ದಕ್ಕೆ ಮುನಿಸಿಕೊಂಡಿದ್ದಾರೆ ಎಂದು ತಿಳಿದೆ. ಮುನಿಸಿಕೊಳ್ಳಲಿ, ಇಸ್ಪೀಟು ಆಡಿದವರು ಅವರು, ಸೋಲಲು ನಾನೇನು ತಪ್ಪು ಮಾಡಿದ್ದೇನೆ? ಹಾಗೆಂದು ಹಟ ಹಿಡಿದೆ. ಆದರೆ ಆ ಐವತ್ತು ನಿಮಿಷ ಕಳೆಯುವುದು ಎಷ್ಟು ಕಷ್ಟವಾಯಿತೆಂದರೆ, ದಾರಿಯಲ್ಲಿ ಅವರ ಬೋರ್ಡು ಕಂಡಲ್ಲೆಲ್ಲ ತಲೆ ತಗ್ಗಿಸಿಕೊಂಡು ನಡೆದೆ. ದೊಡ್ಡ ರಸ್ತೆಯ ಅಂಚಿನಲ್ಲಿ ನಿಂತು ವಾಹನಗಳು ಖಾಲಿಯಾದ ಮೇಲೂ ದಾಟದೆ ನಿಂತಿರುತ್ತಿದ್ದೆ. ಮನೆಯಲ್ಲಿ ಅವರು ಮೂರು ಮಾರು ದೂರದಲ್ಲಿ ಕೂತು ಊಟ ಮಾಡುತ್ತಿದ್ದರು, ನಾನು ಬಡಿಸುತ್ತಿದ್ದೆ. ಕೇಳೋಣವೆಂದರೆ ಒಂದು ಕಡೆ ಅತ್ತೆ, ಒಂದು ಕಡೆ ಮಗಳು, ಬಾಗಿಲ ಹಿಂದೆ ಆ ಜೋಡಿಯ ನಗು. ಕಣ್ಣೆದುರಿಗೇ ಇರುವ ಮನುಷ್ಯನಿಗಾಗಿ ಇಷ್ಟು ಹಂಬಲಿಸುವುದುಂಟೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಸಿಟ್ಟಿನಿಂದ ಹಂಬಲವೇನೂ ಕಡಿಮೆಯಾಗಲಿಲ್ಲ.

ಮುಂದಿನ ಶನಿವಾರ ಕೂಲಿ ಪೂರ್ತಿ ಬಂತು. ಎಣಿಸಿ ದುಡ್ಡಿನ ಡಬ್ಬಿಗೆ ಹಾಕಿದೆ. ಸಂತೋಷವಾಗಬೇಕಿತ್ತು.

ಅದರ ಮರುವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬಾಟಲಿಗೆ ನೀರು ತುಂಬಿಸಲು ಗೇಟಿನ ಬಳಿಯ ನಲ್ಲಿಗೆ ಹೋದೆ. ವಾಚ್‌ಮನ್ ತಾತ ಸ್ಟೂಲಿನ ಮೇಲೆ ಕೂತಿದ್ದ.

"ಏನಮ್ಮಾ, ಯಜಮಾನ್ರಿಗೆ ಹುಷಾರಿಲ್ವಾ? ಕಾಣ್ತಾನೇ ಇಲ್ಲ."

"ಚೆನ್ನಾಗೇ ಇದ್ದಾರೆ. ಕೆಲಸ ಬೇಗ ಮುಗಿಯುತ್ತಂತೆ, ಮನೆಗೆ ಹೋಗ್ತಾರೆ."

"ಹೋಗ್ಲಿ ಬಿಡಿ, ಎಷ್ಟು ದಿನ ಅಂತ ಅಷ್ಟು ದೂರದಿಂದ ಬಸ್ ಹತ್ಕೊಂಡು ಬರ್ತಾರೆ."

ನಾನು ನಲ್ಲಿ ನಿಲ್ಲಿಸಿದೆ. "ಯಾವ ಬಸ್ಸು? ಅಂಗಡಿ ಇಲ್ಲೇ ಹಿಂದಿನ ರಸ್ತೇಲಿ ಅಲ್ವಾ?"

"ಅದೆಲ್ಲಿದೆ ಅಲ್ಲಿ? ಅಲ್ಲೀಗ ಟೈರ್ ಅಂಗಡಿ ಬಂದು ಮೂರು ತಿಂಗಳ ಮೇಲಾಯ್ತು. ಬಾಡಿಗೆ ಜಾಸ್ತಿ ಅಂತ ಅವರ ಮಾಲೀಕರು ನಿಮ್ಮ ಮನೆ ಕಡೆಗೇ, ಮರದ ಡಿಪೋ ಹಿಂದೆ ಶೆಡ್ ಹಿಡಿದ್ರಲ್ಲ." ತಾತ ನನ್ನ ಮುಖ ನೋಡಿ, ಹೇಳಬಾರದ್ದನ್ನು ಹೇಳಿದೆನೇನೋ ಎಂಬಂತೆ ದನಿ ತಗ್ಗಿಸಿದ. "ಬಸ್ಸು ಲೇಟಾದ ದಿನ ಆ ಸ್ಟಾಪಿಂದ ಓಡಿ ಬರ್ತಿದ್ರಮ್ಮಾ. ಬೆವರು ಒರೆಸ್ಕೊಂಡು, ನನ್ನ ಹತ್ರ ನೀರು ಇಸ್ಕೊಂಡು ಕುಡಿದು, ನಾನು ಓಡಿ ಬಂದೆ ಅಂತ ಅವಳಿಗೆ ಹೇಳ್ಬೇಡಪ್ಪಾ ಅನ್ನೋರು."

ಮರದ ಡಿಪೋ ನಮ್ಮ ಮನೆಯಿಂದ ಐದು ನಿಮಿಷ. ಐದಕ್ಕೆ ಅಂಗಡಿ ಬಿಟ್ಟರೆ ಐದೂ ಐದಕ್ಕೆ ಮನೆಯಲ್ಲಿ ಕಾಲು ಚಾಚಬಹುದು. ಅದು ಬಿಟ್ಟು, ಮನೆಗೆ ಬೆನ್ನು ಹಾಕಿ, ಟಿಕೆಟ್ಟು ತೆಗೆಸಿ, ಊರಿನ ಈ ತುದಿಗೆ ಬಂದು, ಮತ್ತೆ ಐವತ್ತು ನಿಮಿಷ ನಡೆಯುತ್ತಿದ್ದ ಮನುಷ್ಯ. ಅವರ ಚಟ ಅಂದರೆ ನಾನು. ಅದನ್ನೇ ನಿಲ್ಲಿಸಿ ಎಂದು ನಡುರಸ್ತೆಯಲ್ಲಿ ನಿಂತು ಹೇಳಿದವಳೂ ನಾನೇ.

ಊಟದ ಡಬ್ಬಿ ತೆರೆಯಲಾಗಲಿಲ್ಲ. ಮಿಷನ್ನಿನ ಮುಂದೆ ನಿಂತರೆ ಗೆರೆ ಮಂಜಾಗುತ್ತಿತ್ತು. ಅರವತ್ತು ಪದರ ಒಂದೇ ಸಲ ಹಾಳಾದರೆ ನನ್ನ ತಿಂಗಳ ಸಂಬಳ ಸಾಲದು. ನಾಲ್ಕು ಗಂಟೆಗೆ ಸೂಪರ್‌ವೈಸರನ ಹತ್ತಿರ ಹೋಗಿ ಮನೆಗೆ ಕಳಿಸಿ ಎಂದು ಕೇಳಿದೆ.

"ಒಂದೂವರೆ ಗಂಟೆ ಕೂಲಿ ಹೋಗುತ್ತೆ" ಎಂದು ಅವನು ಹೊಸ ಹಲ್ಲು ತೋರಿಸಿದ. ಎರಡು ವರ್ಷದಲ್ಲಿ ಒಂದು ನಿಮಿಷವನ್ನೂ ಬಿಡದವಳು ನಾನೆಂದು ಅವನಿಗೆ ಗೊತ್ತಿತ್ತು.

"ಹೋಗ್ಲಿ" ಅಂದೆ.

ಬಸ್ಸು ಹತ್ತಿದೆ. ಟಿಕೆಟ್ಟಿನ ದರ ಕೇಳಿ, ಅದನ್ನು ಆರರಿಂದ ಗುಣಿಸಿ ನೋಡಿದೆ. ವಾರದ ಸೋರಿಕೆ ಸರಿಯಾಗಿ ಅಷ್ಟೇ. ಕಿಟಕಿಯ ಕಡೆ ತಿರುಗಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಬಿಸಿಲು ಬೀಳುತ್ತಾ ಎಂದು ಕೇಳಿ ಪರದೆ ಎಳೆದಳು.

ಡಿಪೋ ಹಿಂದಿನ ಶೆಡ್ಡಿನಲ್ಲಿ ಅವರು ನೆಲದ ಮೇಲೆ ಕೂತು ತಗಡಿಗೆ ಹಳದಿ ಬಳಿಯುತ್ತಿದ್ದರು. ನನ್ನನ್ನು ಕಂಡವರೇ ಕುಂಚ ಬಿಟ್ಟು ಎದ್ದರು.

"ಯಾಕೆ, ಅಮ್ಮನಿಗೇನಾಯ್ತು?"

"ಅವರಿಗೇನಾಗುತ್ತೆ, ಗಟ್ಟಿಮುಟ್ಟಾಗಿದ್ದಾರೆ. ಕೈ ತೊಳ್ಕೊಳಿ. ನಡೀರಿ ಹೋಗೋಣ."

ಮಾಲೀಕರು ಒಳಗಿಂದ ಹೋಗು ಎಂದು ಕೈ ಮಾಡಿದರು. ಹೊರಗೆ ಬಂದೆವು. ಎಡಕ್ಕೆ ತಿರುಗಿದರೆ ಮನೆ. ನಾನು ಬಲಕ್ಕೆ ತಿರುಗಿದೆ. ಅವರು ಏನೂ ಕೇಳದೆ ಜೊತೆಗೆ ಬಂದರು.

"ತಾತ ಹೇಳಿದನಾ?" ಎಂದು ಕೊನೆಗೆ ಅವರೇ ಕೇಳಿದರು.

"ನೀವು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನಂತಿದ್ದೆ?"

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ. "ದಂಡದ ಖರ್ಚು, ಬೇಡ ಅಂತಿದ್ದೆ" ಅಂದೆ.

"ಅದಕ್ಕೇ ಹೇಳಲಿಲ್ಲ." ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಆದ್ರೂ ನೀನು ಹೇಳಿದ್ದು ಸರಿ ಕಣೇ. ಮಗು ಪ್ರವಾಸ ಬಿಟ್ಟು ಕೂತಿರುವಾಗ ನಾನು ಹೀಗೆ ಮಾಡಬಾರದಿತ್ತು. ಒಂದು ಕೆಲಸ ಮಾಡ್ತೀನಿ. ಐದಕ್ಕೆ ಇಲ್ಲಿಂದ ನಡ್ಕೊಂಡು ಹೊರಟ್ರೆ, ನೀನು ಬರೋ ಹೊತ್ತಿಗೆ ದೊಡ್ಡ ರಸ್ತೆ ಮುಟ್ಟಬಹುದು. ಅಲ್ಲಿ ನಿಂತಿರ್ತೀನಿ. ಅಲ್ಲಿಂದ ಅರ್ಧ ದಾರಿನಾದ್ರೂ ಸಿಗುತ್ತೆ. ಖರ್ಚಿಲ್ಲ."

ಒಳ್ಳೆಯ ಲೆಕ್ಕ. ಎರಡು ವರ್ಷ ನಾನು ಹೇಳಿಕೊಟ್ಟದ್ದನ್ನು ಚೆನ್ನಾಗಿಯೇ ಕಲಿತಿದ್ದರು. ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕ್ಯಾಂಟೀನಿನಲ್ಲಿ ನಾನು ತಿನ್ನುವ ಬನ್ನು, ಎರಡನೆಯ ಟೀ ಬಿಟ್ಟರೆ ಮಗಳ ಪ್ರವಾಸಕ್ಕೆ ಆಗುತ್ತದೆ. ಟಿಕೆಟ್ಟಿನ ದುಡ್ಡು ಹೋದರೆ ಸಾಲ ಮುಗಿಯುವುದು ಎರಡು ತಿಂಗಳು ತಡವಾಗುತ್ತದೆ. ಇನ್ನೆರಡು ತಿಂಗಳು ಆ ಕೋಣೆ ಬೇರೆಯವರದು, ಅತ್ತೆಗೆ ಒಂದೇ ಡಬ್ಬಿ, ಹಾಲಿಗೆ ನೀರು.

"ಬೇಡ" ಅಂದೆ.

ಅವರು ತಲೆಯಾಡಿಸಿದರು. ಬೇಡ ಎನ್ನುವುದನ್ನು ಕೇಳಿ ಕೇಳಿ ಅಭ್ಯಾಸವಾಗಿತ್ತು ಅವರಿಗೆ.

"ಬಸ್ಸಲ್ಲೇ ಬನ್ನಿ" ಅಂದೆ. "ಅರ್ಧ ದಾರಿ ಸಾಕಾಗಲ್ಲ ನನಗೆ."