ಜೇನುಬಣ್ಣದ ಆಯಿಲ್

ಹಳೆಯ ಟಬ್ಬಿಗೆ ಇಳಿಯುತ್ತಿದ್ದ ಆಯಿಲ್ ಕಪ್ಪಗಿರಲಿಲ್ಲ. ಜೇನಿನ ಬಣ್ಣಕ್ಕಿತ್ತು. ಕಾರಿನಡಿ ಅಂಗಾತ ಮಲಗಿದ್ದ, ರಬ್ಬರ್ ಸೀಲು ಕೆತ್ತಿ ಬದುಕುವವಳು ಕಣ್ಣುಜ್ಜಿಕೊಳ್ಳಲು ಹೋಗಿ, ಕೈಯೆಲ್ಲ ಜಿಡ್ಡೆಂದು ನೆನಪಾಗಿ, ಮೊಣಕೈಯಿಂದ ಹಣೆ ಒರೆಸಿಕೊಂಡು ಮತ್ತೆ ನೋಡಿದಳು. ಜೇನೇ.

ಹೋದ ತಿಂಗಳು ಭಾವ ಇದೇ ಕಾರಿನ ಬಾನೆಟ್ ಎತ್ತಿ, ಅಳತೆಕಡ್ಡಿ ಎಳೆದು, ಬೆರಳಲ್ಲಿ ತಿಕ್ಕಿ ನೋಡಿ, "ಡಾಂಬರಾಗಿದೆ ಕಣಮ್ಮ, ಬೇಗ ತಂದು ನಿಲ್ಸು" ಎಂದಿದ್ದರು. ಭಾವ ಎಂದರೆ ಅಕ್ಕನ ಗಂಡ. ಎರಡು ಬೀದಿಯಾಚೆ ಅವರ ಗ್ಯಾರೇಜು. ಹನ್ನೆರಡು ವರ್ಷದಿಂದ ಈ ಕಾರಿಗೆ ಅವರ ಕೈ ಬಿಟ್ಟರೆ ಇನ್ನೊಬ್ಬರ ಕೈ ತಾಗಿರಲಿಲ್ಲ. ಪ್ರತಿ ಸಲವೂ ಕಾರಿನ ಪುಸ್ತಕದಲ್ಲಿ 'ಆಯಿಲ್ ಬದಲಿಸಲಾಗಿದೆ' ಎಂದು ಸೀಲು ಒತ್ತಿ ಕೊಡುತ್ತಿದ್ದರು. ಆ ಸೀಲನ್ನು ಕೆತ್ತಿಕೊಟ್ಟವಳೂ ಅವಳೇ.

ಈ ಸಲ ತಾನೇ ಬದಲಿಸುತ್ತೇನೆಂದು ಹಟ ಹಿಡಿಯಲು ದೊಡ್ಡ ಕಾರಣವೇನೂ ಇರಲಿಲ್ಲ. ರಬ್ಬರಿನಲ್ಲಿ ಕೂದಲೆಳೆಯಷ್ಟು ಗೆರೆ ಕೆತ್ತುವ ಕೈಗೆ ಒಂದು ಬೋಲ್ಟು ಬಿಚ್ಚಲು ಬಾರದೇ ಎನಿಸಿತ್ತು, ಅಷ್ಟೆ. ಪುಸ್ತಕದ ಚಿತ್ರ ನೋಡಿಕೊಂಡಿದ್ದಳು, ಬೋಲ್ಟು ಬಿಚ್ಚಿದ್ದಳು. ಹಾಗಾದರೆ ಡಾಂಬರು ಎಲ್ಲಿ ಹೋಯಿತು? ಭಾವ ಸುಳ್ಳು ಹೇಳಿದರೇ? ಇದೊಂದು ಸಲವೋ, ಅಥವಾ ಪುಸ್ತಕದಲ್ಲಿದ್ದ ಅಷ್ಟೂ ಸೀಲುಗಳು...

ಬೋಲ್ಟು ಬಿಗಿದು, ಮೇಲಿನಿಂದ ಹೊಸ ಆಯಿಲ್ ಸುರಿದು, ಫೋನ್ ಮಾಡಿದಳು. ಎತ್ತಿದ್ದು ಅಕ್ಕ.

"ಭಾವ ಇಲ್ವಾ?"

"ಸ್ನಾನಕ್ಕೆ ಹೋಗಿದ್ದಾರೆ. ಯಾಕೆ, ಬೋಲ್ಟು ಮುರ್ಕೊಂಡ್ಯಾ?"

"ನನ್ನ ಕೈ ಅಷ್ಟು ದಂಡ ಅಲ್ಲಮ್ಮ. ಆಯಿಲ್ ಚೆನ್ನಾಗೇ ಇದೆ ಅಕ್ಕ. ಭಾವ ನೋಡಿದ್ರೆ ಕೆಟ್ಟೋಗಿದೆ ಅಂದಿದ್ರು."

ಅತ್ತ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಕಣೆ" ಎಂದಳು ಅಕ್ಕ. "ಬಾಯಿ ಬಿಟ್ಟಿರ್ಲಿಲ್ಲ. ಸ್ವಂತ ನಾದಿನೀನೂ ಬಿಡ್ಲಿಲ್ವಾ?"

ಇಂಥ ಅನುಮಾನ ಆ ಮನೆಯಲ್ಲಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಾಗಲ್ಲ ಎನ್ನುವಷ್ಟರಲ್ಲಿ ಫೋನು ಭಾವನ ಕೈಗೆ ಹೋಗಿತ್ತು.

"ಏನಮ್ಮ?"

"ಇಳಿದಿರೋದು ಜೇನಿನ ಹಾಗಿದೆ ಭಾವ. ಡಾಂಬರು ಅಂದಿದ್ರಿ."

"ವಾಸನೆ ಹೇಗಿದೆ?"

"ಬಣ್ಣದ ಮಾತು ಆಡ್ತಿದ್ರೆ ವಾಸನೆ ಕೇಳ್ತೀರಲ್ಲ!"

"ಮೂಸಿ ಹೇಳೇ ಮಾರಾಯ್ತಿ."

ಮೂಸಿದಳು. "ಗಂಧಕ. ಬೆಂಕಿಕಡ್ಡಿ ಗೀರಿದ ಹಾಗೆ."

"ಗಾಡಿ ಸ್ಟಾರ್ಟ್ ಮಾಡ್ಬೇಡ. ಏನನ್ನೂ ಮುಟ್ಬೇಡ. ಬಂದೆ."

ಏನನ್ನೂ ಮುಟ್ಟಬೇಡ ಎಂದರೆ? ಸಾಕ್ಷಿ ಮಾಯ ಮಾಡಲು ಬರುತ್ತಿದ್ದಾರೆಯೇ? ಅವಳು ಟಬ್ಬನ್ನು ತನ್ನ ಕಾಲ ಬಳಿಗೆ ಎಳೆದುಕೊಂಡಳು. ಮತ್ತೆ, ತಾನು ಸುರಿದ ಹೊಸ ಆಯಿಲಾದರೂ ಸರಿಯಾಗಿದೆಯೋ ನೋಡೋಣವೆಂದು ಅಳತೆಕಡ್ಡಿ ಎಳೆದಳು. ಕಡ್ಡಿಗೆ ಮೆತ್ತಿಕೊಂಡಿದ್ದದ್ದು ಕಡುಗಪ್ಪು. ಮೇಲಿನ ಗುರುತಿಗಿಂತ ಎರಡು ಬೆರಳು ಮೇಲಕ್ಕೆ. ಒರೆಸಿ ಅದ್ದಿದಳು. ಅದೇ. ಮತ್ತೆ ಒರೆಸಿದಳು. ಅದೇ. ಇಳಿದದ್ದು ಜೇನು, ಸುರಿದದ್ದು ಅದಕ್ಕಿಂತ ತಿಳಿ, ಒಳಗಿರುವುದು ಡಾಂಬರು. ಎರಡೂವರೆ ಲೀಟರ್ ಹೊರಗೆ ಬಂದಿದೆ ಎನ್ನುತ್ತದೆ ಟಬ್ಬು. ಒಂದು ತೊಟ್ಟೂ ಹೋಗಿಲ್ಲ ಎನ್ನುತ್ತದೆ ಕಡ್ಡಿ. ಯಾರನ್ನು ನಂಬಬೇಕು? ಈಗ ಭಾವನ ಜೊತೆಗೆ ಕಾರೂ ಸುಳ್ಳು ಹೇಳತೊಡಗಿದಂತಿತ್ತು.

ಭಾವ ಒದ್ದೆ ತಲೆಯಲ್ಲೇ ಬಂದರು. ಹೆಗಲಲ್ಲಿ ಚೀಲ. ಟಬ್ಬಿನತ್ತ ನೋಡಲೇ ಇಲ್ಲ. ಕಾರಿನಡಿ ಬಗ್ಗಿ ಒಂದು ಸಲ ಇಣುಕಿ ಎದ್ದರು.

"ನೀನು ಬಿಚ್ಚಿರೋದು ಗೇರ್‌ಬಾಕ್ಸಿನ ಬೋಲ್ಟು. ಇಂಜಿನ್ನಿಂದು ಆ ಕಡೆ. ಅದರಲ್ಲಿದ್ದದ್ದು ಹಾಗೇ ಇದೆ, ಮೇಲಿಂದ ಇನ್ನಷ್ಟು ಸುರಿದಿದ್ದೀಯ. ಅದಕ್ಕೆ ಎರಡೆರಡು ಊಟ, ಇದಕ್ಕೆ ಉಪವಾಸ. ಹೀಗೇ ಓಡ್ಸಿದ್ರೆ ಗೇರ್‌ಬಾಕ್ಸ್ ಪುಡಿಪುಡಿ."

"ಚಿತ್ರದಲ್ಲಿ ಈ ಕಡೇನೇ ಇತ್ತು ಭಾವ."

ಪುಸ್ತಕ ತೆರೆದು ತೋರಿಸಲು ಹೋದಳು. ಚಿತ್ರದಲ್ಲಿ ಇಂಜಿನ್ ಬೋಲ್ಟು ಎಡಕ್ಕಿತ್ತು. ಅವಳು ಕೈ ಹಾಕಿದ್ದು ಬಲಕ್ಕೆ. ಸೀಲಿನ ಅಕ್ಷರಗಳನ್ನು ಕೆತ್ತುವುದು ಕನ್ನಡಿಯಲ್ಲಿ ಕಂಡಂತೆ, ಎಡಬಲ ತಿರುಗಿಸಿ. ಕಾಗದದ ಮೇಲೆ ಏನು ಕಂಡರೂ ಅವಳ ಕಣ್ಣು ಅದನ್ನು ಮೊದಲು ಮಗುಚಿ ಹಾಕಿ, ಆಮೇಲೆ ಕೈಗೆ ಕೊಡುತ್ತಿತ್ತು. ಇವತ್ತೂ ಕೊಟ್ಟಿತ್ತು.

ಭಾವ ನಗುತ್ತಾರೆಂದುಕೊಂಡಳು. ನಗಲಿಲ್ಲ. ಸ್ಪ್ಯಾನರನ್ನು ಅವಳತ್ತ ಚಾಚಿದರು. "ನೀನೇ ಬಿಚ್ಚು. ನಾನು ಮುಟ್ಟಿದ್ರೆ ಮತ್ತೆ ಅನುಮಾನ."

ಅವಳು ಮತ್ತೆ ಕಾರಿನಡಿ ಸೇರಿದಳು. ಭಾವನ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. "ಇನ್ನೂ ಎಡಕ್ಕೆ. ನಿನ್ನ ಎಡ ಅಲ್ಲ, ಊರಿಗೆಲ್ಲ ಇರೋ ಎಡ" ಎಂಬ ಮಾತು ಮೇಲಿನಿಂದ ಬಂತು. ಬೋಲ್ಟು ಸಡಿಲವಾಯಿತು. ಈ ಸಲ ಬಕೆಟ್ಟಿಗೆ ಬಿದ್ದದ್ದು ಡಾಂಬರೇ. ಬೋಲ್ಟು ಬಿಗಿದು, ಭಾವ ತಂದಿದ್ದ ಹೊಸ ಆಯಿಲನ್ನು ಇಂಜಿನ್ನಿಗೆ ಅಳೆದು ಸುರಿದಳು. ಗೇರ್‌ಬಾಕ್ಸಿಗೆ ತುಂಬಲು ಭಾವ ಚೀಲದಿಂದ ಗೇರ್ ಆಯಿಲಿನ ಡಬ್ಬವನ್ನೂ ತೆಗೆದುಕೊಟ್ಟರು. ಗಂಧಕದ ವಾಸನೆ ಇರುವುದು ಗೇರ್ ಆಯಿಲಿಗೆ; ಫೋನಲ್ಲಿ ಕೇಳಿದಾಗಲೇ ಅವರಿಗೆ ಗೊತ್ತಾಗಿತ್ತು. ಎಲ್ಲ ಮುಗಿದ ಮೇಲೆ, ಕೈ ಒರೆಸಿಕೊಳ್ಳಲು ಬಟ್ಟೆ ಕೊಡುತ್ತ, ಅವಳ ಮುಖ ನೋಡದೆ ಅಂದರು:

"ನಿಮ್ಮಕ್ಕ ಫೋನಲ್ಲಿ ಹೇಳಿದ್ದು ಕೇಳಿಸ್ತು. ಬಚ್ಚಲಿನ ಬಾಗಿಲು ತೆರೆದಿದ್ದೆ."

ಅವಳು ಕೂಡಲೇ ಫೋನ್ ಮಾಡಿದಳು.

"ಅಕ್ಕ, ತಪ್ಪು ನಂದು. ನಾನು ಬಿಚ್ಚಿದ್ದೇ ಬೇರೆ ಬೋಲ್ಟು. ಭಾವ ಹೇಳಿದ್ದೇ ನಿಜ."

"ಪಕ್ಕದಲ್ಲೇ ನಿಂತಿದ್ದಾರಾ?"

ಭಾವ ಪಕ್ಕದಲ್ಲೇ ನಿಂತಿದ್ದರು. ಹೌದೆಂದರೆ ಅವರೇ ಹೇಳಿಸಿದ್ದೆಂಬ ಅರ್ಥ, ಇಲ್ಲವೆಂದರೆ ಶುದ್ಧ ಸುಳ್ಳು. "ಹೂಂ" ಎಂದಳು.

"ಹೀಗೆ ಹೇಳು ಅಂದ್ರಾ?"

"ಇಲ್ಲ ಅಕ್ಕ, ದೇವರಾಣೆ..."

"ನೀನು ಬಿಡು. ಮೊದ್ಲಿಂದ್ಲೂ ಸಂಕೋಚದವಳು."

ಒಂದು ಬೋಲ್ಟನ್ನು ಎರಡು ಸಲ ಬಿಚ್ಚಬಹುದು, ಬಿಗಿಯಬಹುದು. ಅಕ್ಕನ ಮನಸ್ಸಲ್ಲಿ ಸಡಿಲವಾದದ್ದನ್ನು ಯಾವ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಭಾವ ಜೇನುಬಣ್ಣದ ಆಯಿಲಿನ ಟಬ್ಬನ್ನೆತ್ತಿ ಖಾಲಿ ಡಬ್ಬಕ್ಕೆ ಬಗ್ಗಿಸಲು ಹೊರಟಿದ್ದರು.

"ಭಾವ, ಚೆಲ್ಬೇಡಿ!" ಎಂದು ಅವರ ತೋಳು ಹಿಡಿದುಕೊಂಡಳು. ಮತ್ತೆ ಫೋನಿಗೆ, "ಅಕ್ಕ, ಇಲ್ಲಿಗೆ ಬಾ. ಟಬ್ಬು, ಬಕೆಟ್ಟು ಎರಡೂ ಹಾಗೇ ಇಟ್ಟಿರ್ತೀನಿ. ನೀನೇ ಮೂಸಿ ನೋಡು."

ಭಾವ ಟಬ್ಬನ್ನು ಕೆಳಗಿಟ್ಟು, ಬಕೆಟ್ಟನ್ನು ಅದರ ಪಕ್ಕಕ್ಕೆ ಸರಿಸಿ, ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತರು. ಅವಳೂ ಕುಳಿತಳು. ಅಕ್ಕ ಬರುತ್ತೇನೆಂದೂ ಹೇಳಿರಲಿಲ್ಲ, ಬರುವುದಿಲ್ಲವೆಂದೂ ಹೇಳಿರಲಿಲ್ಲ. ಯಾವ ಕಡೆಯಿಂದ ಬಂದರೂ ಕಾಣಲೆಂದು ಇಬ್ಬರೂ ಬೀದಿಯ ಎರಡೂ ತುದಿಗಳತ್ತ ನೋಡುತ್ತಿದ್ದರು.