ಗುರುಗಳ ಹೆಸರಿನ ಫೋಲ್ಡರ್

ಕಚೇರಿಯವರೆಲ್ಲ ‘ಗುರುಗಳು’ ಎನ್ನುತ್ತಿದ್ದ ಪ್ರೋಗ್ರಾಮರು ಎರಡು ವರ್ಷ ಬೆವರು ಸುರಿಸಿ, ತಾರೀಖುಗಳ ಲೆಕ್ಕ ಹಾಕುವ, ಬೇರೆ ಪ್ರೋಗ್ರಾಮುಗಳೂ ಬಳಸಬಹುದಾದ ಕೋಡಿನ ಲೈಬ್ರರಿಯೊಂದನ್ನು ಬರೆದಿದ್ದರು. ಬೇರೆ ತಂಡಗಳು ಅದನ್ನು ಸಂಜೆಯೊಳಗೆ ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳದಿದ್ದರೆ ಮೂಲೆಗೆ ಹಾಕುವುದಾಗಿ ಮ್ಯಾನೇಜರು ಹೇಳಿಬಿಟ್ಟಿದ್ದರು.

“ಸಾರ್, ನಿಮ್ಮ ಲೈಬ್ರರಿ ಎಲ್ಲಿ ಅಂತ ನಮ್ಮ ಬಿಲ್ಡು ಬಾಯಿ ಬಡ್ಕೊಳ್ತಿದೆ,” ಎಂದಳು ಪಕ್ಕದ ತಂಡದ ಎಂಜಿನಿಯರು. ಕೋಡನ್ನೆಲ್ಲ ಒಟ್ಟುಗೂಡಿಸಿ ಓಡುವ ಪ್ರೋಗ್ರಾಮಾಗಿಸುವುದಕ್ಕೆ ಅಲ್ಲಿ ‘ಬಿಲ್ಡು’ ಎನ್ನುತ್ತಿದ್ದರು.

“ಅದೆಲ್ಲಿದೆ ಅಂತ ಹೇಳೋ ವಿಳಾಸದ ಫೈಲು ಕೊಟ್ಟಿದೀನಲ್ಲಮ್ಮ!”

“ಅದ್ರಲ್ಲಿ ನಿಮ್ಮ ಕಂಪ್ಯೂಟರಲ್ಲಿರೋ ನಿಮ್ಮ ಹೆಸರಿನ ಫೋಲ್ಡರ್ ಬರ್ದಿದೀರ. ಆ ಒಂದು ಸಾಲು ತಿದ್ದಿದ್ರೆ ಲೈಬ್ರರಿ ಎಲ್ಲಿದ್ರೂ ಸಿಗತ್ತೆ.”

“ನಾನ್ಯಾಕೆ ತಿದ್ದಲಿ? ನೀವೇ ನನ್ನ ಹೆಸರಲ್ಲೊಂದು ಫೋಲ್ಡರ್ ಮಾಡ್ಕೊಳ್ಳಿ. ಫೋಲ್ಡರಿಗೇನು ಬರ ಬಂದಿದೆಯಾ?”

ಮಧ್ಯಾಹ್ನದ ಹೊತ್ತಿಗೆ ನಲವತ್ತು ಕಂಪ್ಯೂಟರುಗಳಲ್ಲಿ ಗುರುಗಳ ಹೆಸರು ರಾರಾಜಿಸಿತು. ಆ ಕಚೇರಿಯಲ್ಲಿ ದೇವರ ಹೆಸರೂ ಅಷ್ಟು ಕಡೆ ಇರಲಿಲ್ಲ. ಮ್ಯಾನೇಜರು ಖುಷಿಯಾಗಿ ಅವರಿಗೊಂದು ಹೊಸ ಕಂಪ್ಯೂಟರ್ ಕೊಟ್ಟು, “ಎಲ್ಲಿ, ನನ್ನೆದುರಿಗೇ ಒಂದ್ಸಲ ಓಡಿಸಿ ನೋಡೋಣ,” ಎಂದರು.

ಹೊಸ ಕಂಪ್ಯೂಟರಿನಲ್ಲಿ ಗುರುಗಳ ಫೋಲ್ಡರಿಗೆ ಅವರ ಹೆಸರಿರಲಿಲ್ಲ, ಅವರ ಉದ್ಯೋಗಿ ಸಂಖ್ಯೆಯಷ್ಟೇ ಇತ್ತು. ಲೈಬ್ರರಿ ಸಿಗಲಿಲ್ಲ ಎಂದಿತು ಬಿಲ್ಡು. ಮ್ಯಾನೇಜರು ಗಡಿಯಾರ ನೋಡಿದರು.

“ಒಂದು ಫೋಲ್ಡರ್ ಮಾಡ್ಕೊಳ್ಳಿ ಸಾರ್,” ಎಂದಳು ಪಕ್ಕದ ತಂಡದ ಎಂಜಿನಿಯರು ನಗು ತಡೆದುಕೊಂಡು. “ಬರ ಏನೂ ಬಂದಿಲ್ವಲ್ಲ?”

ಗುರುಗಳು ವಿಳಾಸದ ಫೈಲಿನಲ್ಲಿದ್ದ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿ ಆ ಸಾಲನ್ನು ತಿದ್ದಿದರು. ಬಿಲ್ಡು ಒಂದೇ ಉಸಿರಿಗೆ ಓಡಿತು.