ಸಂಜೆಯಾದರೆ ತೊದಲುವ ಕಂಪ್ಯೂಟರ್

"ಅಕ್ಕಾರ, ನೀವು ಆಡಾಕತ್ತೀರೋ, ಫೋಟೋ ತಗಸ್ಕೋಳಾಕ ನಿಂತೀರೋ?"

ಹೆಡ್‌ಫೋನಿನಲ್ಲಿ ಸುರಜನ ಈ ಮಾತು ಕೇಳಿಸಿದಾಗ ನಾನು ಪರದೆಯ ಮೇಲೆ ಒಂದು ಗೋದಾಮಿನ ಮಾಳಿಗೆಯಲ್ಲಿದ್ದೆ. ಹೆಜ್ಜೆ ಇಡಲು ಎತ್ತಿದ ಕಾಲು ಗಾಳಿಯಲ್ಲೇ ನಿಂತುಬಿಟ್ಟಿತ್ತು. ಮತ್ತೆ ಚಿತ್ರ ಅಲುಗಾಡುವಷ್ಟರಲ್ಲಿ ಎದುರಿನವರು ಮೆಟ್ಟಿಲು ಹತ್ತಿ ಬಂದು, ನಮ್ಮ ಮೂವರನ್ನೂ ಮಲಗಿಸಿ, ಗೋದಾಮಿನ ಬೀಗ ಒಡೆದಿದ್ದರು.

"ಬಂದ್ರು ಅಂದ್ನೆಲ್ಲೋ," ಎಂದೆ.

"ಅಂದ್ರಿ. ಅವರು ಬಂದು, ಹೊಡದು, ಚಾ ಕುಡದು ಹೋದ ಮ್ಯಾಲ ಅಂದ್ರಿ."

ನಿಪ್ಪಾಣಿಯಲ್ಲಿ ಕೂತು ಆಡುವ ಸುರಜ ನಮ್ಮ ತಂಡದ ನಾಯಕ. ಅಥಣಿಯಿಂದ ಆಡುವ ಅವನ ಅಕ್ಕ ನೀಲಮ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಬಿ.ಎಸ್ಸಿ.ಯಲ್ಲಿ ನನ್ನ ಪಕ್ಕದ ಬೆಂಚಿನವಳು. ಮೂರನೆಯವಳು ನಾನು, ಬ್ರಾಹ್ಮಿ. ಇರುವುದು ಶೇಡಬಾಳದಲ್ಲಿ, ಕಾಗವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆಟ ಇಷ್ಟೇ: ಮೂವರು ಗೋದಾಮು ಕಾಯಬೇಕು, ಮೂವರು ನುಗ್ಗಬೇಕು. ಸುರಜ, ನೀಲಮ ಹೊಡೆದಾಡುತ್ತಾರೆ. ನಾನು ಮಾಳಿಗೆಯಲ್ಲಿ ನಿಂತು ಯಾರು ಎತ್ತಣಿಂದ ಬರುತ್ತಿದ್ದಾರೆಂದು ನೋಡಿ ಕೂಗಿ ಹೇಳುತ್ತೇನೆ.

ಇದು ನನಗೆ ಹೇಳಿ ಮಾಡಿಸಿದ ಕೆಲಸ. ಮನೆಯಿಂದ ಹೊರಟವಳು ಬೀಗ ಜಗ್ಗಿ ನೋಡಲು ಬಸ್‌ಸ್ಟ್ಯಾಂಡಿನಿಂದ ಹಿಂದಿರುಗಿದ್ದುಂಟು. ಹಾಲು ಉಕ್ಕದಿದ್ದರೂ ಉಕ್ಕಿದ ವಾಸನೆ ನನಗೆ ಬರುತ್ತದೆ. ಬೇರೆಲ್ಲ ಕಡೆ ಇದನ್ನು ಕಾಯಿಲೆ ಎನ್ನುತ್ತಾರೆ. ಆ ಮಾಳಿಗೆಯಲ್ಲಿ ಮಾತ್ರ ಹುಷಾರಿ ಎನ್ನುತ್ತಾರೆ. ನನ್ನ ಹೆದರಿಕೆಗೆ ಈ ಜನ್ಮದಲ್ಲಿ ಸಿಕ್ಕ ಮೊದಲ ನೌಕರಿ ಅದು.

ಆ ನೌಕರಿಗೇ ಈಗ ಕುತ್ತು ಬಂದಿತ್ತು.

"ರವಿವಾರ ಸಂಜೀಕ ಕೊಲ್ಲಾಪುರದವರ ಜೋಡಿ ಮ್ಯಾಚ್ ಐತ್ರಿ," ಎಂದ ಸುರಜ. "ಅದಕ್ಕೂ ಮೊದಲ ಒಂದ ಸಣ್ಣ ಆಟಾ ಆಡಿ ನೋಡೂಣು. ಅದರಾಗ ನೀವು ಹಿಂಗ ಗೊಂಬಿ ಆದ್ರ, ಸಿಟ್ಟ ಮಾಡ್ಕೋಬ್ಯಾಡ್ರಿ, ಸದಲಗಾದ ಕುನಾಲನ್ನ ಕರೀತೀನಿ. ಒಂದ ತಿಂಗಳಾತು, ಬಾಗಲಾ ಕಾಯ್ಕೊಂತ ಕುಂತಾನ."

"ಹೊಸಾ ಕಾರ್ಡ ಹಾಕಸೇನೋ, ತಮ್ಮಾ."

"ಅದಕ್ಕ ಅಂತೀನ್ರಿ, ಹಳೇದ ಚಲೋ ಇತ್ತು!"

ಅವನು ಹೇಳಿದ್ದು ಸುಳ್ಳಲ್ಲ. ಹಳೆಯ ಕಂಪ್ಯೂಟರ್ ಮೂಲೆಯಲ್ಲಿ ಕರ್ರಗೆ ಕೂತು, ಮೆಲ್ಲಗೆ ಆದರೂ ನಿಯತ್ತಿನಿಂದ ನಡೆಯುತ್ತಿತ್ತು. ಆಟದ ಹೊಸ ಆವೃತ್ತಿ ಅದಕ್ಕೆ ಏರಲಿಲ್ಲವೆಂದು ನನ್ನ ಗಂಡ ಶ್ರೇಣಿಕ ಅದನ್ನು ಚಿಕ್ಕೋಡಿಯ ರಾಜಾರಾಮನ ಅಂಗಡಿಗೆ ಒಯ್ದು ಹೊಸ ಗ್ರಾಫಿಕ್ಸ್ ಕಾರ್ಡು, ಹೊಸ ಪೆಟ್ಟಿಗೆ ಹಾಕಿಸಿ ತಂದಿದ್ದರು. ಬಿಳಿ ಪೆಟ್ಟಿಗೆ, ಒಂದು ಪಕ್ಕ ಗಾಜು, ಒಳಗೆ ತಿರುಗುವ ಫ್ಯಾನುಗಳಿಗೆಲ್ಲ ಬಣ್ಣಬಣ್ಣದ ದೀಪ. ಮೊದಲ ದಿನ ಅತ್ತೆ ಅದಕ್ಕೆ ಕುಂಕುಮ ಹಚ್ಚಿ, "ಮದಿವಿ ಮಂಟಪ ಇದ್ದಂಗ ಐತಲ್ಲ," ಎಂದಿದ್ದರು.

ಮರುದಿನದಿಂದಲೇ ಅದು ತೊದಲಲು ಶುರುಮಾಡಿತು.

ಶ್ರೇಣಿಕ ದ್ರಾಕ್ಷಿ ಬೆಳೆಯುವವರು. ಯಾವ ಯಂತ್ರ ಕೆಟ್ಟರೂ ಮೊದಲು ವಾಯರು ನೋಡುತ್ತಾರೆ. ಹಿಂದೆ ಬಗ್ಗಿ ನೋಡಿ ನಕ್ಕರು. "ಏ ಮಾರಾಯ್ತಿ, ಟಿವ್ಹಿ ವಾಯರ ಹೊಸಾ ಕಾರ್ಡಿಗೆ ಹಾಕೇ ಇಲ್ಲ. ಹಳೇ ತೂತಿನ್ಯಾಗ ಐತಿ." ಪರದೆಗೆ ನಮ್ಮ ಮನೆಯಲ್ಲಿ ಟಿವ್ಹಿ ಎಂದೇ ಹೆಸರು. ವಾಯರನ್ನು ಅಲ್ಲಿ ಸಿಕ್ಕಿಸಿದವರು ತಾವೇ ಎಂಬುದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ. ವಾಯರು ಬದಲಿಸಿದ ಮೇಲೆ ಬೆಳಿಗ್ಗೆ ಆಡಿ ನೋಡಿದರೆ ಚಿತ್ರ ನೀರಿನಂತೆ ಹರಿಯಿತು. ಸುರಜನಿಗೆ ಫೋನ್ ಮಾಡಿ ಬೀಗಿದೆ. ಸಂಜೆ ಆಡಲು ಕೂತರೆ ಮತ್ತೆ ಗೊಂಬೆ.

ರಾಜಾರಾಮ ಫೋನಿನಲ್ಲೇ ವೈದ್ಯ ಮಾಡಿದ. ಹೊಸ ಕಾರ್ಡಿಗೆ ಹೊಂದುವ ಡ್ರೈವರ್ ಹಾಕಬೇಕೆಂದ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆ. ಸೆಟ್ಟಿಂಗ್ ಇಳಿಸಬೇಕೆಂದ; ಗೋದಾಮಿನ ಗೋಡೆ ಕೆಸರು ಬಳಿದಂತೆ ಕಾಣುವವರೆಗೂ ಇಳಿಸಿದೆ. ಬಿಸಿ ಎಷ್ಟಿದೆ ನೋಡಬೇಕೆಂದ. ಶಾಲೆಗೆ ಹೊರಡುವ ಮೊದಲು ನೋಡಿದೆ, ಮೈ ತಣ್ಣಗಿತ್ತು. ಕೊನೆಗೆ ಶ್ರೇಣಿಕರ ಗಾಡಿಯಲ್ಲಿ ಅದನ್ನು ದಿಂಬಿನ ಮೇಲೆ ಮಲಗಿಸಿ, ತಗ್ಗು ಬಂದಾಗಲೆಲ್ಲ ಎದೆಗೆ ಅವಚಿಕೊಂಡು ಚಿಕ್ಕೋಡಿಗೆ ಒಯ್ದೆ. ಅಂಗಡಿಯಲ್ಲಿ ಅದು ಹಾವಿನ ಮರಿಯಂತೆ ಚುರುಕಾಗಿ ಓಡಿತು.

"ಬಾಯಾರ, ಮಷೀನ ಖಡಕ್ ಐತ್ರಿ," ಎಂದ ರಾಜಾರಾಮ, ಕೈ ಒರೆಸುತ್ತ. "ನಿಮ್ಮ ಊರಿನ ಕರೆಂಟ್ ಖರಾಬ್ ಐತಿ. ಸಂಜೀಕ ಎಲ್ಲಾರೂ ಮೋಟರ್ ಚಾಲೂ ಮಾಡ್ತಾರ, ನಿಮ್ಮ ಮಷೀನ ಉಪವಾಸ ಬೀಳತೈತಿ."

ಶ್ರೇಣಿಕ ಮೀಟರು ಹಿಡಿದು ನೋಡಿದರು. ಕರೆಂಟ್ ಸರಿಯಾಗಿತ್ತು.

"ಲೇ ಬ್ರಾಹ್ಮಿ," ಎಂದಳು ನೀಲಮ, "ನಿನ್ನ ಜೋಡಿ ಇದ್ದು ಅದಕ್ಕೂ ಅಂಜಿಕಿ ಹತ್ತೇತಿ. ಹೊತ್ತ ಮುಳುಗಿದ್ರ ನಡಗತೈತಿ."

ನಗು ಬಂದರೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಬೆಳಿಗ್ಗೆ ಸರಿ, ಮಧ್ಯಾಹ್ನ ಚಿಕ್ಕೋಡಿಯಲ್ಲಿ ಸರಿ, ಸಂಜೆ ಮನೆಯಲ್ಲಿ ಕೆಟ್ಟದ್ದು. ಹಾಗಾದರೆ ದೋಷ ಯಂತ್ರದ್ದಲ್ಲ, ಸಂಜೆಯದ್ದು. ಮಕ್ಕಳಿಗೆ ಪ್ರಯೋಗ ಬರೆಸುವಾಗ ನಾನೇ ಹೇಳುತ್ತೇನಲ್ಲ: ಏನು ಬದಲಾಯಿತು ನೋಡಿ, ಉಳಿದದ್ದು ಬಿಡಿ. ಶನಿವಾರ ನಾನು ಆಟಕ್ಕೆ ಕೂರದೆ ಕಾವಲಿಗೆ ಕೂತೆ. ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ತೋರಿಸುವ ಅಂಕಿಯನ್ನು ತೆರೆದಿಟ್ಟು, ಆಟ ತನ್ನಷ್ಟಕ್ಕೆ ಓಡಲು ಬಿಟ್ಟು, ಮಂಚದ ಮೇಲಿಂದ ಪೆಟ್ಟಿಗೆಯನ್ನೇ ನೋಡುತ್ತ ಕುಳಿತೆ.

ನಾವು ಜೈನರು, ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಊಟವಾಗಿ ದೀಪ ಹಚ್ಚುವ ಹೊತ್ತಿಗೆ ಅತ್ತೆ ಒಗೆದಿಟ್ಟ ಬಿಳಿ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಮನೆಯೆಲ್ಲ ಒಂದು ಸುತ್ತು ಬರುತ್ತಾರೆ. ಹುಳಹುಪ್ಪಡಿ ಬಿದ್ದು ಸಾಯಬಾರದೆಂದು ಕೊಡದ ಬಾಯಿಗೆ ಬಟ್ಟೆ, ಹಾಲಿನ ಪಾತ್ರೆಗೆ ಬಟ್ಟೆ, ರುಬ್ಬುವ ಕಲ್ಲಿಗೆ ಬಟ್ಟೆ. ಅಂದೂ ಬಂದರು. ಕೊಡಕ್ಕೆ ಕಟ್ಟಿದರು. ಹಾಲಿಗೆ ಕಟ್ಟಿದರು. ಕಂಪ್ಯೂಟರಿನ ಮುಂದೆ ಕುಕ್ಕರಿಸಿ ಅದರ ಮುಖಕ್ಕೆ ಒಂದು ಬಟ್ಟೆ ಬಿಗಿದು, ತುದಿಗಳನ್ನು ಕೆಳಗೆ ಸಿಕ್ಕಿಸಿ, ನೆತ್ತಿಗೆ ಇನ್ನೊಂದು ಹೊದಿಸಿದರು. ಮೊಣಕಾಲು ಹಿಡಿದು ಎದ್ದು, ರುಬ್ಬುವ ಕಲ್ಲಿನ ಕಡೆ ನಡೆದರು.

ನನ್ನ ಕಣ್ಣೆದುರಿಗೇ ಇಷ್ಟೆಲ್ಲ ನಡೆಯಿತು. ನನಗೆ ಏನೂ ಅನಿಸಲಿಲ್ಲ. ಮದುವೆಯಾಗಿ ಬಂದಂದಿನಿಂದ, ಅದಕ್ಕೂ ಮೊದಲು ತವರಿನಲ್ಲಿ, ಸಂಜೆಯಾದ ಮೇಲೆ ಬಿಳಿ ಬಟ್ಟೆ ಹೊದೆಯದ ವಸ್ತುವನ್ನು ನಾನು ಕಂಡಿದ್ದೇ ಕಡಿಮೆ. ಬಿಳಿ ಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆ ಅಷ್ಟೂ ಸಂಜೆ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಮನೆಯ ಗೋಡೆಯನ್ನು ಯಾರು ನೋಡುತ್ತಾರೆ? ಹೊತ್ತು ಮೂಡಿದಾಗ ಕೊಡದ ಬಟ್ಟೆಯ ಜೊತೆ ಅದನ್ನೂ ಅವರೇ ಬಿಚ್ಚಿ ಒಯ್ಯುತ್ತಿದ್ದರು.

ಮೂಲೆಯ ಅಂಕಿ ಒಲೆಯ ಮೇಲಿನ ಹಾಲಿನಂತೆ ಏರತೊಡಗಿತು. ಫ್ಯಾನುಗಳು ಗುಂಯ್‌ಗುಟ್ಟಿದವು. ಮಾಳಿಗೆಯ ನನ್ನ ಗೊಂಬೆ ಕಾಲೆತ್ತಿ ನಿಂತಿತು. ಆಗ ಹೊಳೆಯಿತು. ಪೆಟ್ಟಿಗೆ ಗಾಳಿ ಎಳೆದುಕೊಳ್ಳುವುದು ಮುಖದಿಂದ, ಬಿಡುವುದು ನೆತ್ತಿಯಿಂದ. ಎರಡನ್ನೂ ಕಟ್ಟಿದರೆ ಬೇಯದೆ ಏನು ಮಾಡೀತು? ಬೆಂದು ಹೋಗದಿರಲೆಂದು ಅದು ತಾನೇ ಓಟ ಕಡಿಮೆ ಮಾಡಿಕೊಳ್ಳುತ್ತಿತ್ತು.

"ಆಯೀ!" ಎಂದೆ. ಅತ್ತೆಯನ್ನು ನಾನು ಕರೆಯುವುದು ಹಾಗೆ. "ಇದಕ್ಕ ಯಾಕ ಅರಿವಿ ಕಟ್ಟೀರಿ?"

"ಕೊಡಕ್ಕ ಯಾಕ ಕಟ್ಟತೀನಿ?"

"ಕೊಡದಾಗ ನೀರ ಇರತೈತ್ರಿ."

"ಇದರಾಗ ದೀಪ ಐತಿ, ಫ್ಯಾನ್ ಐತಿ," ಎಂದು ಅವರು ನನ್ನ ಪಕ್ಕ ಬಂದು ಕೂತರು. "ಹೊಸಾದ ಬಂದ ಮರದಿನಾ ಧೂಳ ಒರಸಾಕ ಹೋದ್ನಿ. ಗಾಜಿನ ಬುಡಕ್ಕ ಒಂದ ಹಿಡಿ ರೆಕ್ಕಿ ಬಿದ್ದಿದ್ವು ಬ್ರಾಹ್ಮಿ. ಬೆಳಕ ನೋಡಿ ಬರ್ತಾವು, ಫ್ಯಾನ್ ಎಳಕೋತೈತಿ. ನೀರ ಸೋಸೋ ಅರಿವಿ ಹೊಸಾದಿತ್ತು, ಎರಡ ಪದರ ಮಾಡಿ ಕಟ್ಟಿದ್ನಿ."

"ನನಗ ಹೇಳಬಾರದೇನ್ರಿ?"

"ಹೇಳಿದ್ರ ನೀ ಆಟಾನ ಬಿಟ್ಟಬಿಡ್ತಿದ್ದಿ."

ನಿಜ. ಬಿಡುತ್ತಿದ್ದೆ. ಆ ಹಿಡಿ ರೆಕ್ಕೆ ಕೇಳಿದ ಮೇಲೆ ಈಗಲೂ ಬಿಡುವ ಮನಸ್ಸೇ ಆಗಿತ್ತು. "ಹಂಗಾರ ಸುರಜಗ ಹೇಳ್ತೀನ್ರಿ, ಕುನಾಲ ಆಡಲಿ ಅಂತ."

"ಯಾಕ?" ಅತ್ತೆ ತಿರುಗಿ ಕೂತರು. "ಆಡೂವಾಗ ಅಷ್ಟ ನೀ ಗ್ಯಾಸ್ ಬಂದ್ ಐತೇನ್ರಿ ಅಂತ ಕೇಳಂಗಿಲ್ಲ. ನನಗೂ ಒಂದ ತಾಸ ಆರಾಮ."

"ಆದ್ರ ಅದು ಹೊಡದಾಟದ ಆಟ ಐತಲ್ರಿ ಆಯಿ. ಅದಕ್ಕ ಏನೂ ಅನ್ನಂಗಿಲ್ಲ ನೀವು."

"ಅದರಾಗ ಸತ್ತವರು ಮುಂದಿನ ಆಟಕ್ಕ ಎದ್ದ ಬರ್ತಾರ. ನಾ ನೋಡೇನಿ. ಇವು ಬರಂಗಿಲ್ಲ."

ನನ್ನ ಬಿ.ಎಸ್ಸಿ.ಯಿಂದ ಒಂದು ಪ್ರಯೋಗ ತೆಗೆದೆ. ಪೆಟ್ಟಿಗೆಯ ಬಟ್ಟೆ ಬಿಚ್ಚಿ ಅತ್ತೆಯ ಬಾಯಿಗೆ ಹಿಡಿದು, ಊದಿ ಎಂದೆ. ಈಚೆಗೆ ಹಿಡಿದ ನನ್ನ ಅಂಗೈಗೆ ಗಾಳಿಯೇ ಬರಲಿಲ್ಲ. ಅವರೂ ಅಂಗೈ ಹಿಡಿದು ನೋಡಿದರು, ನಾನು ಊದಿದೆ.

"ಅಯ್ಯ, ಪಾಪ," ಎಂದರು, ಕಂಪ್ಯೂಟರಿನ ಕಡೆ ನೋಡಿ. "ಉಸರ ಕಟ್ಟತಿತ್ತೇನು ಇದಕ್ಕ!"

ಅಲ್ಲಿಗೆ ಜೀವಿಗಳ ಪಟ್ಟಿಯಲ್ಲಿ ಕಂಪ್ಯೂಟರೂ ಸೇರಿತು. ಇನ್ನು ಅದನ್ನು ಉಳಿಸುವ ಹೊಣೆಯೂ ಅವರದೇ ಆಯಿತು.

ರವಿವಾರ ಬೆಳಿಗ್ಗೆ ಅತ್ತೆ ಅಟ್ಟ ಹತ್ತಿಸಿದರು, ನನ್ನನ್ನು. ನಾದಿನಿ ಬಾಣಂತನಕ್ಕೆ ಬಂದಾಗ ಕೂಸಿಗೆಂದು ತಂದಿದ್ದ, ಕೊಡೆಯಂತೆ ಬಿಚ್ಚುವ ಸೊಳ್ಳೆಪರದೆ ಅಲ್ಲಿತ್ತು. ಅದಕ್ಕೂ ಊದಿ ನೋಡಿದೆವು. ಗಾಳಿ ಧಾರಾಳವಾಗಿ ಬಂತು. ಪೆಟ್ಟಿಗೆಯ ಮೈಗೆ ತಾಗದಂತೆ ಅದರ ಸುತ್ತ ಬಿಚ್ಚಿ ನಿಲ್ಲಿಸಿದೆವು. ಗುಲಾಬಿ ಪರದೆಯೊಳಗೆ ಬಿಳಿ ಪೆಟ್ಟಿಗೆ ಹಾಲು ಕುಡಿದು ಮಲಗಿದ ಕೂಸಿನಂತೆ ಕಂಡಿತು. ಶ್ರೇಣಿಕ ಅಂಗಳದ ಆ ತುದಿಗೆ, ದನದ ಕೊಟ್ಟಿಗೆಯ ಆಚೆ, ಹುಳಗಳನ್ನು ಅತ್ತ ಸೆಳೆಯಲೆಂದು ಒಂದು ಬಲ್ಬು ತೂಗುಹಾಕಿದರು. "ತ್ವಾಟದಾಗ ಆದ್ರ ಬಲ್ಬಿನ ಬುಡಕ್ಕ ನೀರಿನ ಪರಾತ ಇಡ್ತೀವಿ, ಹುಳಾ ಬಿದ್ದ ಸಾಯ್ತಾವು," ಎಂದು ಬಾಯಿ ತಪ್ಪಿ ಹೇಳಿ, ತಾಯಿಯ ಮುಖ ನೋಡಿ, "ಇಲ್ಲಿ ಇಡಂಗಿಲ್ಲವ್ವಾ, ಇಡಂಗಿಲ್ಲ," ಎಂದರು.

ಬಣ್ಣದ ದೀಪ ಆರಿಸುವುದು ಹೇಗೆಂದು ರಾಜಾರಾಮನಿಗೆ ಫೋನ್ ಮಾಡಿದೆ.

"ಆರಸೂದು?" ಅವನ ಎದೆ ಒಡೆದಂತಾಯಿತು. "ಬಾಯಾರ, ಮಷೀನಿನ ಶೋನ ಅದರಿ! ಲೈಟ್ ಇಲ್ಲದ ಮಷೀನ ಅಂದ್ರ ಫ್ರಿಜ್ ಇದ್ದಂಗ."

"ಫ್ರಿಜ್ ಆಗಲಿ ಅಂತನ ಕೇಳಾಕತ್ತೇನಿ."

ಹೇಳಿಕೊಟ್ಟ, ಮನಸ್ಸಿಲ್ಲದ ಮನಸ್ಸಿನಿಂದ.

ಸಂಜೆ ಕೋಣೆಯ ದೀಪ ಆರಿಸಿ ಕೂತೆ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. "ನೀ ಆಕಡೆ ಕಾಯಿ, ನಾ ಈಕಡೆ ಕಾಯ್ತೀನಿ," ಎಂದರು. ಸಣ್ಣ ಆಟದಲ್ಲಿ ಗೊಂಬೆ ಒಮ್ಮೆಯೂ ಕಾಲೆತ್ತಿ ನಿಲ್ಲಲಿಲ್ಲ. "ಅಕ್ಕಾರ, ಇವತ್ತ ಜೀವಂತ ಅದೀರಿ!" ಎಂದ ಸುರಜ. ಕುನಾಲನ ಹೆಸರು ಎತ್ತಲಿಲ್ಲ. ಆದರೆ ತೆಗೆದೂ ಹಾಕಲಿಲ್ಲ.

ಕೊಲ್ಲಾಪುರದವರು ಜಾಣರು. ಸಮಸಮ ಮಾಡಿಕೊಂಡು ಕೊನೆಯ ಸುತ್ತಿಗೆ ಬಂದೆವು. ನೀಲಮ ಮೊದಲೇ ಬಿದ್ದಿದ್ದಳು, ಅವರಲ್ಲೂ ಒಬ್ಬ ಬಿದ್ದಿದ್ದ. ಸುರಜ ಬಾಗಿಲ ಹಿಂದೆ ಅಡಗಿ ನನ್ನ ಬಾಯಿ ಕಾಯುತ್ತಿದ್ದ. ನಾನು ಮಾಳಿಗೆಯ ಕಿಟಕಿಯ ಮೇಲೆ ಕಣ್ಣು ನೆಟ್ಟಿದ್ದೆ. ಅದೇ ಗಳಿಗೆಗೆ ಎಲ್ಲಿಂದಲೋ ಒಂದು ಸಣ್ಣ ಕಂದು ಪತಂಗ ಬಂದು ಕಂಪ್ಯೂಟರಿನ ಪರದೆಯ ಮೇಲೆ, ಸರಿಯಾಗಿ ಆ ಕಿಟಕಿಯ ಮೇಲೆ, ರೆಕ್ಕೆ ಅಗಲಿಸಿ ಕೂತಿತು.

"ಅಕ್ಕಾರ, ಬಂದ್ರೇನು?"

ಕೈ ಎತ್ತಿ ಒಂದು ಸಲ ಝಾಡಿಸಿದರೆ ಮುಗಿಯುತ್ತಿತ್ತು. ಕೈ ಏಳಲಿಲ್ಲ.

"ತಡಿಯೋ ತಮ್ಮಾ, ಹುಳಾ ಕುಂತೇತಿ."

"ಎಲ್ಲಿ? ಈ ಆಟದಾಗ ಹುಳಾ ಯಾವಾಗ ಬಂತ್ರಿ?"

"ಆಟದಾಗಲ್ಲೋ, ಟಿವ್ಹಿ ಮ್ಯಾಲ!"

"ಹೊಡೀರಿ ಅದನ್ನ!"

"ಏ ಸುರಜಾ, ಆಕಿ ಹೊಡ್ಯಂಗಿಲ್ಲ," ಎಂದು ಸತ್ತು ಬಿದ್ದಲ್ಲಿಂದಲೇ ನಕ್ಕಳು ನೀಲಮ. "ಸಮಾಧಾನ ಮಾಡ್ಕೋ."

ಅತ್ತೆ ಏನೂ ಅವಸರ ಮಾಡಲಿಲ್ಲ. ಎದ್ದು, ಸೆರಗಿನ ತುದಿಯನ್ನು ಪರದೆಗೆ ತಾಗಿಸಿ ಹಿಡಿದರು. ಪತಂಗ ಯೋಚಿಸಿತು. ಒಂದು ಕಾಲಿಟ್ಟಿತು. ಇನ್ನೊಂದಿಟ್ಟಿತು. ಸೆರಗು ಹತ್ತಿತು. ಸೆರಗು ಸರಿದ ಜಾಗದಲ್ಲಿ ಕಿಟಕಿ ಕಂಡಿತು, ಕಿಟಕಿಯಲ್ಲಿ ಎರಡು ನೆರಳು.

"ಎಡಕ್ಕ! ಮಾಳಿಗಿ ಮೆಟ್ಟಲಾ! ಇಬ್ಬರು!"

ಸುರಜ ತಿರುಗಿದ್ದು, ಅವರು ಬಿದ್ದದ್ದು, ನಾವು ಗೆದ್ದದ್ದು ಎಲ್ಲ ಒಂದೇ ಉಸಿರಿನಲ್ಲಿ ಆಗಿಹೋಯಿತು. ಹೆಡ್‌ಫೋನಿನಲ್ಲಿ ನಿಪ್ಪಾಣಿ, ಅಥಣಿ ಎರಡೂ ಕೂಗಾಡಿದವು.

"ಕುನಾಲಗ ಏನಂತ ಹೇಳೂದೋ?" ಎಂದೆ, ನಡುವೆ.

"ಸೊಸೈಟಿ ಡೈರಿಗೆ ಹಾಲ ಹಾಕಾಕ ಹೋಗಂತ ಹೇಳ್ತೀನ್ರಿ," ಎಂದ ಸುರಜ. "ಮಾಳಿಗಿ ನಿಮ್ಮದ, ಅಕ್ಕಾರ."

ಅತ್ತೆ ಆಗಲೇ ಸೆರಗನ್ನು ತುಂಬಿದ ಕೊಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಳ ದಾಟಿ ಹೋಗಿದ್ದರು. ಬಲ್ಬಿನ ಕೆಳಗೆ ಅದನ್ನು ಝಾಡಿಸದೆ, ತಾನಾಗಿ ಹಾರುವವರೆಗೆ ನಿಂತು ಬಂದರು. ಬಂದವರು ಸೊಳ್ಳೆಪರದೆಯೊಳಗಿನ ಪೆಟ್ಟಿಗೆಯನ್ನು ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡರು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದರು:

"ಆ ಕೊಲ್ಲಾಪುರದ ಹುಡುಗರು ಎದ್ದ್ರೇನು?"

ನಾನು ತಿರುಗಿ ನೋಡಿದೆ. ಮೂವರೂ ಎದ್ದು, ಬಟ್ಟೆ ಝಾಡಿಸಿಕೊಂಡು, ಇನ್ನೊಂದು ಆಟಕ್ಕೆ ತಯಾರಾಗಿ ಗೋದಾಮಿನ ಮುಂದೆ ನಿಂತಿದ್ದರು.

"ಎದ್ದಾರ್ರಿ ಆಯಿ. ಎಲ್ಲಾರೂ ಎದ್ದಾರ."

"ಹಂಗಾರ ಆಡ," ಎಂದರು. "ಗ್ಯಾಸ್ ನಾ ನೋಡೇನಿ. ಬಂದ್ ಐತಿ."